ಪಕ್ಕದ ಕೊಟ್ಟಿಗೆಯಲ್ಲಿ ಹುಟ್ಟಿದವನು

"ಅಪ್ಪಾ, ನಮ್ಮ ಧರ್ಮವನ್ನ ಗೇಲಿ ಮಾಡೋ ಸಿನಿಮಾ ನೋಡಿ ನಕ್ಕರೆ ಪಾಪಾನಾ?"

ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬೆಂಗಳೂರಿನ ಹೊಸಹಳ್ಳಿಯ ಮನೆಗೆ ಮರಳುವಾಗ ಮಗಳು ಕೇಳಿದಳು. ಕಾಲೇಜಿನ ಗೆಳತಿಯರ ಜೊತೆ ಅವಳು ನೋಡಿದ್ದು ‘ಲೈಫ್ ಆಫ್ ಬ್ರಯಾನ್’ ಎಂಬ 1979ರ ಇಂಗ್ಲಿಷ್ ಹಾಸ್ಯಚಿತ್ರ. ನೋಡದೆ ಉತ್ತರ ಕೊಡುವುದು ತಪ್ಪೆನಿಸಿ, ಆ ರಾತ್ರಿ ಅವಳ ಪಕ್ಕ ಕೂತು ನಾನೂ ನೋಡಿದೆ. ಕೆಲವೆಡೆ ಮನಸಾರೆ ನಕ್ಕೆ. ಒಂದೆಡೆ ಎದ್ದು ಹೋಗಬೇಕೆನ್ನಿಸುವಷ್ಟು ನೋವಾಯಿತು. ಆ ನಗು, ಆ ನೋವು ಎರಡನ್ನೂ ಬಿಡಿಸಿ ನೋಡಬೇಕಾಗಿದೆ. ಏಕೆಂದರೆ ಇಂಥ ಪ್ರಶ್ನೆ ಇಂದು ಯಾವ ಧರ್ಮದವರ ಮನೆಗೂ ಬರಬಹುದು.

ಮೊದಲು ಕಥೆ. ಬ್ರಿಟನ್ನಿನ ಮಾಂಟಿ ಪೈಥಾನ್ ತಂಡದ ಈ ಚಿತ್ರವನ್ನು ನಿರ್ದೇಶಿಸಿದವರು ಟೆರ್ರಿ ಜೋನ್ಸ್. ಯೇಸು ಹುಟ್ಟಿದ ರಾತ್ರಿಯೇ ಪಕ್ಕದ ಕೊಟ್ಟಿಗೆಯಲ್ಲಿ ಬ್ರಯಾನ್ ಎಂಬ ಮಗು ಹುಟ್ಟುತ್ತದೆ. ಮೂವರು ಜ್ಞಾನಿಗಳು ಜಾಗ ತಪ್ಪಿ ಅಲ್ಲಿಗೆ ಬಂದು ಕಾಣಿಕೆ ಕೊಡುತ್ತಾರೆ, ತಪ್ಪು ತಿಳಿದೊಡನೆ ಕಿತ್ತುಕೊಂಡು ಹೋಗುತ್ತಾರೆ. ಬೆಳೆದ ಬ್ರಯಾನನನ್ನು, ಅವನು ಬೇಡವೆಂದರೂ, ಜನ ರಕ್ಷಕನೆಂದು ಹಿಂಬಾಲಿಸುತ್ತಾರೆ. ಅಂದರೆ ಬ್ರಯಾನ್ ಯೇಸುವಲ್ಲ. ಯೇಸು ಬೇರೆಯಾಗಿಯೇ ಕಾಣಿಸಿಕೊಳ್ಳುತ್ತಾರೆ. ಬೆಟ್ಟದ ಮೇಲಿನ ಬೋಧನೆಯ ದೃಶ್ಯದಲ್ಲಿ ಅವರನ್ನು ಗೌರವದಿಂದಲೇ ತೋರಿಸಲಾಗಿದೆ. ಅಲ್ಲಿ ನಗು ಹುಟ್ಟುವುದು ದೂರದಲ್ಲಿ ನಿಂತು ಅರೆಬರೆ ಕೇಳಿಸಿಕೊಂಡು ಜಗಳಕ್ಕಿಳಿಯುವ ಜನರಿಂದ.

ಮುಂದೊಂದು ಕಡೆ ಬ್ರಯಾನನ ಚಪ್ಪಲಿ ಕಳಚಿಬೀಳುತ್ತದೆ. ಹಿಂಬಾಲಕರಿಗೆ ಅದೇ ದೈವಸಂಕೇತ. ಚಪ್ಪಲಿಯ ಪಂಗಡ, ಅವನ ಸೋರೆಬುರುಡೆಯ ಪಂಗಡ ಎಂದು ನಿಮಿಷದೊಳಗೆ ಒಡೆಯುತ್ತಾರೆ. ಇಲ್ಲಿ ನಾನು ನಕ್ಕಿದ್ದು ನಮ್ಮನ್ನೇ ನೋಡಿ. ಪ್ರೀತಿಸಿರಿ ಎಂದ ಒಬ್ಬನೇ ಗುರುವಿನ ಹೆಸರಿನಲ್ಲಿ ಕ್ರೈಸ್ತರು ಎಷ್ಟು ಸಭೆಗಳಾಗಿ ಒಡೆದಿದ್ದೇವೆ, ಎಷ್ಟು ರಕ್ತ ಹರಿಸಿದ್ದೇವೆ ಎಂಬುದು ಚರಿತ್ರೆಯಲ್ಲಿದೆ. ಈ ಬಗೆಯ ವಿಡಂಬನೆ ಧರ್ಮಕ್ಕೆ ಹೊರಗಿನದೂ ಅಲ್ಲ. ಸಣ್ಣ ನಿಯಮಗಳನ್ನು ಹಿಡಿದು ದೊಡ್ಡ ನ್ಯಾಯವನ್ನು ಕೈಬಿಟ್ಟ ಧರ್ಮಪಂಡಿತರನ್ನು, ಸೊಳ್ಳೆ ಸೋಸಿ ಒಂಟೆ ನುಂಗುವವರಿಗೆ ಹೋಲಿಸಿದವರು ಸ್ವತಃ ಯೇಸು. ನಮ್ಮ ನೆರೆಯ ಬಸವೇಶ್ವರನಗರ ಯಾರ ಹೆಸರನ್ನು ಹೊತ್ತಿದೆಯೋ ಆ ಬಸವಣ್ಣನವರೂ ತೋರಿಕೆಯ ಭಕ್ತಿಯನ್ನು ಸುಮ್ಮನೆ ಬಿಟ್ಟವರಲ್ಲ.

ನೋವಾದದ್ದು ಕೊನೆಯ ದೃಶ್ಯದಲ್ಲಿ. ಸಾಲು ಶಿಲುಬೆಗಳಿಗೆ ಕಟ್ಟಲ್ಪಟ್ಟ ಜನ ಅಲ್ಲಿ ಉಲ್ಲಾಸದ ಹಾಡು ಹಾಡುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ನಿಂತು, ಮೊಣಕಾಲೂರಿ, ಒಬ್ಬ ನಿರಪರಾಧಿಯ ಸಂಕಟವನ್ನು ನೆನೆಯುತ್ತೇವೆ. ನನ್ನ ತಾಯಿ ಕೊನೆಯುಸಿರೆಳೆದಾಗ ಅವರ ಕೈಯಲ್ಲಿದ್ದದ್ದೂ ಒಂದು ಪುಟ್ಟ ಶಿಲುಬೆ. ರೋಮನ್ನರು ಸಾವಿರಾರು ಜನರನ್ನು ಶಿಲುಬೆಗೇರಿಸಿದ್ದರು, ಅದು ಯೇಸುವೊಬ್ಬರದೇ ಶಿಕ್ಷೆಯಾಗಿರಲಿಲ್ಲ ಎಂಬ ವಾದ ಸರಿಯಾದದ್ದೇ. ಆದರೆ ವಾದ ಸರಿಯಿದ್ದ ಮಾತ್ರಕ್ಕೆ ನೋವು ಇಲ್ಲವಾಗುವುದಿಲ್ಲ. ಅದನ್ನು ಮುಚ್ಚಿಟ್ಟು ವಿಶಾಲ ಮನಸ್ಸಿನವನೆಂದು ತೋರಿಸಿಕೊಳ್ಳುವ ಅಗತ್ಯವೂ ನನಗಿಲ್ಲ.

ಹಾಗಾದರೆ ನಿಷೇಧಿಸಬೇಕೇ? ಚಿತ್ರ ಬಿಡುಗಡೆಯಾದಾಗ ಏನಾಯಿತು ನೋಡಿ. ನಾರ್ವೆ ಚಿತ್ರವನ್ನು ನಿಷೇಧಿಸಿತು. ನಾರ್ವೆಯಲ್ಲಿ ನಿಷೇಧವಾಗುವಷ್ಟು ತಮಾಷೆಯ ಚಿತ್ರವೆಂದು ಪಕ್ಕದ ಸ್ವೀಡನ್ನಿನಲ್ಲಿ ಜಾಹೀರಾತು ಮಾಡಿದರು. ಐರ್ಲೆಂಡಿನಲ್ಲಿ 1987ರವರೆಗೆ ತಡೆಯಿತ್ತು. 1979ರ ನವೆಂಬರಿನಲ್ಲಿ ಬಿಬಿಸಿ ಚರ್ಚೆಯೊಂದರಲ್ಲಿ ಲೇಖಕ ಮಾಲ್ಕಮ್ ಮಗರಿಜ್ ಮತ್ತು ಬಿಷಪ್ ಮರ್ವಿನ್ ಸ್ಟಾಕ್‌ವುಡ್ ಚಿತ್ರವನ್ನು ಕಟುವಾಗಿ ಖಂಡಿಸಿದರು. ಯೇಸು ಬೇರೆ, ಬ್ರಯಾನ್ ಬೇರೆ ಎಂದು ಸ್ಪಷ್ಟಪಡಿಸುವ ಮೊದಲ ಭಾಗವನ್ನೇ ಅವರು ನೋಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಪೂರ್ತಿ ನೋಡದೆ ಖಂಡಿಸಿದರೆ ನ್ಯಾಯವಾದ ನೋವೂ ಬೆಲೆ ಕಳೆದುಕೊಳ್ಳುತ್ತದೆ.

ನಮ್ಮ ಕಾನೂನೂ ನೋವಾಯಿತೆಂಬ ಒಂದೇ ಕಾರಣಕ್ಕೆ ಶಿಕ್ಷಿಸುವುದಿಲ್ಲ. ಹಿಂದಿನ ಐಪಿಸಿ 295ಎ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್, ಎರಡೂ ಕೇಳುವುದು ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಲಾಗಿದೆಯೇ ಎಂಬುದನ್ನು. 1957ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿದದ್ದೂ ಆ ಮಿತಿ ಅದರಲ್ಲಿದೆ ಎಂಬ ಕಾರಣಕ್ಕೆ. ‘ಒರೇ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರದ ಬಗ್ಗೆ 1989ರಲ್ಲಿ ಅದೇ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಸಿನಿಮಾವನ್ನು ಅಳೆಯಬೇಕಾದ್ದು ಸಾಮಾನ್ಯ ವಿವೇಕವುಳ್ಳವನ ಕಣ್ಣಿನಿಂದ, ಗಲಾಟೆಯ ಬೆದರಿಕೆಗೆ ಸರ್ಕಾರ ಮಣಿಯಬಾರದು. ಕನ್ನಡದ ‘ಸಂಸ್ಕಾರ’ ಚಿತ್ರವನ್ನೂ ಸೆನ್ಸಾರ್ ಮೊದಲು ತಡೆದಿತ್ತು. ತಡೆ ತೆರವಾದ ಮೇಲೆ ಅದಕ್ಕೆ 1970ರ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು.

ಕಾನೂನಿಗಿಂತ ಕಠಿಣವಾದ ಪ್ರಶ್ನೆ ಆತ್ಮಸಾಕ್ಷಿಯದು. 2006ರಲ್ಲಿ ಗುರುಪ್ರಸಾದ್ ನಿರ್ದೇಶಿಸಿದ, ಜಗ್ಗೇಶ್ ಅಭಿನಯದ ‘ಮಠ’ವನ್ನು ಮಾಗಡಿ ರಸ್ತೆಯ ಥಿಯೇಟರಿನಲ್ಲಿ ನೋಡಿ ನಾನು ಹೊಟ್ಟೆ ತುಂಬಾ ನಕ್ಕಿದ್ದೆ. ಪಕ್ಕದ ಸೀಟಿನಲ್ಲಿದ್ದ ಮಠದ ಭಕ್ತರಿಗೆ ಏನನ್ನಿಸಿತೆಂದು ಯೋಚಿಸಲಿಲ್ಲ. ನಮ್ಮ ಮೆಟ್ರೊ ನಿಲ್ದಾಣಕ್ಕೆ ಮಠಾಧೀಶರಾಗಿದ್ದ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿದೆ. ಆ ಹೆಸರು ಕೇಳಿದೊಡನೆ ಕೈಮುಗಿಯುವ ನೆರೆಯವರು ನನಗಿದ್ದಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದಾಗ ನಮ್ಮ ಜನ ನಡುಗಿದರು. ಆ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಕ್ರೈಸ್ತ ಪ್ರಚಾರದ ‘ಸತ್ಯದರ್ಶಿನಿ’ ಎಂಬ ಪುಸ್ತಕ ಹಿಂದೂ ದೇವತೆಗಳನ್ನು ಹೀನಾಯವಾಗಿ ಚಿತ್ರಿಸಿದೆ ಎಂಬ ದೂರು ಆಗ ಕೇಳಿಬಂದಾಗ, ನಮ್ಮಲ್ಲಿ ಎಷ್ಟು ಜನ ನೆರೆಯವರ ನೋವನ್ನು ನಮ್ಮದೆಂದುಕೊಂಡೆವು?

ಆದ್ದರಿಂದ ನನ್ನ ಅಳತೆಗೋಲು ಇದು. ಚಿತ್ರವನ್ನು ಪೂರ್ತಿ ನೋಡಬೇಕು. ನಗು ಬಿದ್ದದ್ದು ಭಕ್ತಿಯ ಮೇಲೋ, ಭಕ್ತಿಯ ಸೋಗಿನ ಮೇಲೋ ಎಂದು ಕೇಳಬೇಕು. ಇದೇ ಗೇಲಿ ನೆರೆಯವರ ದೇವರ ಬಗ್ಗೆ ಇದ್ದಿದ್ದರೆ ನಾನು ಏನು ಹೇಳುತ್ತಿದ್ದೆನೋ, ನನ್ನ ದೇವರ ವಿಷಯದಲ್ಲೂ ಅದನ್ನೇ ಹೇಳಬೇಕು. ನೋವಾದರೆ ಬಾಯಿಬಿಟ್ಟು ಹೇಳೋಣ, ಪತ್ರ ಬರೆಯೋಣ, ನೋಡದಿರೋಣ. ಇನ್ನೊಬ್ಬರು ನೋಡುವುದನ್ನು ತಡೆಯುವುದು ಬೇಡ.

ಮಗಳಿಗೆ ಹೇಳಿದೆ: ನಕ್ಕಿದ್ದು ಪಾಪವಲ್ಲ. ಆಮೇಲೆ ಕೊನೆಯ ದೃಶ್ಯದಲ್ಲಿ ನಾನೇಕೆ ಮುಖ ತಿರುಗಿಸಿದೆ ಎಂದು ವಿವರಿಸುತ್ತಾ, ಅವಳ ಅಜ್ಜಿಯ ಕೈಯಲ್ಲಿದ್ದ ಶಿಲುಬೆಯ ಕಥೆ ಹೇಳಿದೆ. ಇಷ್ಟು ವರ್ಷ ಅದನ್ನು ಅವಳಿಗೆ ಹೇಳಿರಲೇ ಇಲ್ಲ. ಆ ಚಿತ್ರ ನಮ್ಮ ಮನೆಯೊಳಗೆ ಬರದಿದ್ದರೆ ಬಹುಶಃ ಇನ್ನೂ ಹೇಳುತ್ತಿರಲಿಲ್ಲ.