ಅಕ್ಷರ ಹಿಂಗ ಜಗ್ಗಬಾರದಪಾ ತಮ್ಮ!

ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ಖರ್ಚಿಗೆಂದು ಅಫಜಲಪುರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿದೆ. ಒಂದು ದಿನ ಕಿರಾಣಿ ಅಂಗಡಿಯ ಬೋರ್ಡ್ ಬಂತು. ಹೆಸರು ಚಿಕ್ಕದು, ಬೋರ್ಡ್ ಉದ್ದ. ನುಡಿಯಲ್ಲಿ ಟೈಪ್ ಮಾಡಿ, ಮೌಸ್ ಹಿಡಿದು ಅಕ್ಷರಗಳನ್ನು ಎರಡೂ ಕಡೆ ಎಳೆದೆ. ಎಲ್ಲ ಚಪ್ಪಟೆಯಾದವು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಅಕ್ಷರ ಹಿಂಗ ಜಗ್ಗಬಾರದಪಾ ತಮ್ಮ, ಜಾಗಾ ನೋಡಿ ಕೂಡಿಸಬೇಕು’ ಅಂದರು. ಮೂವತ್ತು ವರ್ಷ ಬೋರ್ಡ್ ಬರೆದ ಪೇಂಟರ್ ಅವರು. ಬಂದಿದ್ದು ಮೊಮ್ಮಗನ ಹುಟ್ಟುಹಬ್ಬದ ಬ್ಯಾನರ್ ಮಾಡಿಸಲು!

ಅಂದಿನಿಂದ ನನಗೆ ಬೋರ್ಡ್ ನೋಡುವ ಚಟ ಹತ್ತಿದೆ. ಆಳಂದದ ಹಳೆಯ ಅಂಗಡಿಗಳ ಮೇಲೆ ಕನ್ನಡ, ಉರ್ದು, ಮರಾಠಿ ಅಕ್ಕಪಕ್ಕ ಕೂತಿರುತ್ತವೆ. ಜೇವರ್ಗಿ ರಸ್ತೆಯ ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ಕೆಂಪು ಅಕ್ಷರಕ್ಕೆ ಹಳದಿ ನೆರಳು. ಇವು ಪ್ರತಿ ದೀಪಾವಳಿಗೆ ಸುಣ್ಣ ಬಣ್ಣದಡಿ ಮುಚ್ಚಿಹೋಗುತ್ತಿವೆ. ಇವುಗಳನ್ನು ಫಾಂಟ್ ಮಾಡಿ ಉಳಿಸಬೇಕು, ಆ ಕೆಲಸ ನಮ್ಮ ಕಾಲೇಜುಗಳಿಂದಲೇ ಶುರುವಾಗಬೇಕು ಎಂಬುದು ನನ್ನ ಮಾತು.

ಇದು ಹೊಸ ವಿಚಾರವಲ್ಲ. 2000ದಲ್ಲಿ ಟೋಬಿಯಾಸ್ ಫ್ರೆರ್-ಜೋನ್ಸ್ ರೂಪಿಸಿದ ‘ಗೋಥಮ್’ ಫಾಂಟಿಗೆ ಸ್ಫೂರ್ತಿ ನ್ಯೂಯಾರ್ಕಿನ ಒಂದು ಬಸ್ ನಿಲ್ದಾಣದ ಮತ್ತು ಹಳೆಯ ಕಟ್ಟಡಗಳ ಬೋರ್ಡುಗಳು. ಅದೇ ಫಾಂಟ್ 2008ರಲ್ಲಿ ಒಬಾಮಾ ಚುನಾವಣಾ ಪ್ರಚಾರದಲ್ಲಿ ಮೆರೆಯಿತು. ನಮ್ಮ ದೇಶದಲ್ಲಿ, 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿ ಬೀದಿ ಪೇಂಟರ್‌ಗಳ ಕೈಯಲ್ಲೇ ಅಕ್ಷರಮಾಲೆ ಬರೆಸಿ, ಅವುಗಳಿಂದ ಫಾಂಟ್ ಮಾಡಿ, ಅವಕ್ಕೆ ಪೇಂಟರ್‌ಗಳ ಹೆಸರನ್ನೇ ಇಟ್ಟರು. ಕನ್ನಡಕ್ಕೂ ‘ಬಾಲೂ ತಮ್ಮ’, ‘ಹುಬ್ಬಳ್ಳಿ’ಯಂಥ ಚೆಂದದ ಫಾಂಟುಗಳು ಗೂಗಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಕಲಬುರಗಿ ಕಡೆಯ ಕುಂಚದ ಗುರುತು ಮಾತ್ರ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಸಂತೋಷ. ಆದರೆ ಎಳೆದು ಚಪ್ಪಟೆ ಮಾಡಿದ ಕನ್ನಡವೂ ಆ ಲೆಕ್ಕಕ್ಕೆ ಸೇರುತ್ತದೆ. ಅಳತೆ ಕಾನೂನು ಹೇಳಬಹುದು, ಅಂದವನ್ನು ನಾವೇ ನೋಡಿಕೊಳ್ಳಬೇಕು.

‘ಫಾಂಟಿನಿಂದ ಹೊಟ್ಟೆ ತುಂಬತದೇನು?’ ಎಂದು ಗೆಳೆಯರು ಕೇಳುತ್ತಾರೆ. ನಾಳೆಯೇ ನೌಕರಿ ಸಿಗುತ್ತದೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಇಂಗ್ಲಿಷಿಗೆ 26 ಅಕ್ಷರ ಸಾಕು. ಕನ್ನಡಕ್ಕೆ 49 ಅಕ್ಷರ, ಅವುಗಳ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರ ಬರೆಯಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಎರಡು ಒತ್ತು ಎಲ್ಲಿ ಕೂರಬೇಕೆಂದು ಕಂಪ್ಯೂಟರಿಗೆ ತಾನಾಗಿ ಗೊತ್ತಿಲ್ಲ, ಪೇಂಟರನ ಕೈಗೆ ಗೊತ್ತು. ಅದನ್ನು ಕಂಪ್ಯೂಟರಿಗೆ ಕಲಿಸುವವರು ಬೇಕು. ಇಂಕ್‌ಸ್ಕೇಪ್, ಫಾಂಟ್‌ಫೋರ್ಜ್ ತಂತ್ರಾಂಶಗಳು ಉಚಿತ. ಕಾಲೇಜಿನ ಲ್ಯಾಬಿನಲ್ಲೇ ಕಲಿಯಬಹುದು.

ಒಂದು ಎಚ್ಚರಿಕೆ ಇರಲಿ. ಹಳೆಯ ಬೋರ್ಡಿನ ಅಕ್ಷರ ಈಗ ಫ್ಯಾಷನ್. ಊರಿನ ಗೋಡೆಯ ಫೋಟೊ ತೆಗೆದು, ಫಾಂಟ್ ಮಾಡಿ ಮಾರಿಕೊಂಡರೆ ಫ್ಲೆಕ್ಸ್ ಬಂದಾಗ ಕೆಲಸ ಕಳೆದುಕೊಂಡ ಪೇಂಟರ್ ಈಗ ಹೆಸರನ್ನೂ ಕಳೆದುಕೊಳ್ಳುತ್ತಾನೆ. ಬರೆದವರನ್ನು ಹುಡುಕಿ, ಕೇಳಿ, ಅವರ ಹೆಸರಿಡಿ. ದುಡ್ಡು ಬಂದರೆ ಪಾಲು ಕೊಡಿ.

ಆ ಹಿರಿಯರ ಮನೆಗೆ ಕಳೆದ ತಿಂಗಳು ಡ್ರಾಯಿಂಗ್ ಹಾಳೆ ಹಿಡಿದು ಹೋದೆ. ಮೊದಲು ನಕ್ಕರು, ಆಮೇಲೆ ಕುಂಚ ತರಿಸಿದರು. ಕೈ ಸ್ವಲ್ಪ ನಡುಗುತ್ತದೆ. ಆದರೂ ‘ಅ’ದಿಂದ ‘ಳ’ದವರೆಗೆ ಬರೆದುಕೊಟ್ಟಿದ್ದಾರೆ. ಒತ್ತಕ್ಷರ ಬಾಕಿ ಇವೆ; ಬರುವ ಭಾನುವಾರ ಮತ್ತೆ ಹೋಗಬೇಕು. ನಿಮ್ಮೂರಿನಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ. ಹಳೆಯ ಬೋರ್ಡಿನ ಮೂಲೆ ನೋಡಿ, ಚಿಕ್ಕದಾಗಿ ಸಹಿ ಹಾಕಿರುತ್ತಾರೆ.