ಅಳೆದ ಮೇಲೆ ಬದಲಿಸೋಣ

ಕೆನಡಾದ ವಿನ್ನಿಪೆಗ್ ನಗರದಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದು ಕಿಡಿಯಲ್ಲ, ಅದುಮಿದ ಗಾಳಿಯ ಕಾವು; ಆ ಕಾವನ್ನು ತಣ್ಣನೆಯ ಕಬ್ಬಿಣವು ಹೀರಿಬಿಡುತ್ತದೆ. ಆದ್ದರಿಂದಲೇ ಲಾರಿಯ ಎಂಜಿನ್ನಿನ ಶೀತಕದ್ರವದೊಳಗೆ ವಿದ್ಯುತ್ ಹೀಟರನ್ನು ಅಳವಡಿಸಿರುತ್ತಾರೆ.

ಅದು ಕಾಯದಿದ್ದರೆ ಒಡನೆಯೇ ಹೊಸದನ್ನು ಕೊಳ್ಳುವ ಆತುರವನ್ನು ನಾವು ಒಪ್ಪಲಾರೆವು. ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಹೊರತಂತಿಯನ್ನು ಬಿಡಿಸಿ, ಹೀಟರಿನ ರೋಧವನ್ನು ಅಳೆಯಬೇಕು. 120 ವೋಲ್ಟಿನ, 1000 ವಾಟಿನ ಹೀಟರಿಗೆ ಅದು ಸುಮಾರು 14 ಓಮ್ ಇರಬೇಕು. ಇದ್ದರೆ, ದೋಷವು ಬಹುಮಟ್ಟಿಗೆ ಹೊರತಂತಿಯದು. ಅಪರಿಮಿತವೆಂದು ಕಂಡರೆ ಒಳತಂತಿ ಕಡಿದಿದೆ. ಆಗ ಬದಲಾವಣೆ ಯುಕ್ತ. ಹೊಸದನ್ನು ಕೂರಿಸಿದ ಮೇಲೂ, ದ್ರವ ತುಂಬದೆ ವಿದ್ಯುತ್ ಹರಿಸಿದರೆ ಅದೂ ಸುಟ್ಟುಹೋದೀತು. ಊಹಿಸಿ ಬಿಚ್ಚುವ ಕೈಗಿಂತ ಅಳೆದು ಬಿಚ್ಚುವ ಕೈ ಮೇಲು.