ಹಾರುವ ಹೀರೋ, ತೊದಲುವ ಸಾಬಿ

ಕೃಷ್ಣರಾಜನಗರದ ಬಸ್ ನಿಲ್ದಾಣದ ಹತ್ತಿರ ನಾನು ಸಂಜೆ ಹೊತ್ತು ಚಹಾ ಕುಡಿಯುವ ಅಂಗಡಿಯೊಂದಿದೆ. ಅಲ್ಲಿ ಮೂವರು ಹುಡುಗರು ಖಾಯಂ ಗಿರಾಕಿಗಳು. ಒಬ್ಬ ಮೈಸೂರಿಗೆ ಹೋಗಿಬಂದು ಇಂಜಿನಿಯರಿಂಗ್ ಓದುವವನು, ಇನ್ನೊಬ್ಬ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಮೂರನೆಯವನು ಮೊಬೈಲ್ ರಿಪೇರಿ ಅಂಗಡಿಯ ನಮ್ಮ ಮೊಹಲ್ಲಾದ ಹುಡುಗ. ಮೊನ್ನೆ ಇವರ ನಡುವೆ ಜಗಳವೇ ಆಗಿಹೋಯಿತು. ಜಗಳ ರಾಜಕೀಯದ್ದಲ್ಲ, ಸಿನಿಮಾದ್ದು.

ಇಂಜಿನಿಯರಿಂಗ್ ಹುಡುಗನ ಪಾಲಿಗೆ ಕ್ರಿಸ್ಟೋಫರ್ ನೋಲನ್ನನ ಬ್ಯಾಟ್‌ಮನ್ ಚಿತ್ರಗಳೇ ಕೊನೆಯ ಮಾತು. 2005, 2008 ಮತ್ತು 2012ರಲ್ಲಿ ಬಂದ ಆ ಮೂರು ಚಿತ್ರಗಳಲ್ಲಿ ನಾಯಕನಿಗೆ ದೈವೀ ಶಕ್ತಿ ಇಲ್ಲ. ದುಡ್ಡಿದೆ, ಯಂತ್ರಗಳಿವೆ, ಮೈತುಂಬ ಗಾಯಗಳಿವೆ. ಊರು ಕಲ್ಪನೆಯದಾದರೂ ಮೊದಲೆರಡು ಚಿತ್ರಗಳ ಬೀದಿಗಳು ಬಹುಪಾಲು ನಿಜವಾದ ಶಿಕಾಗೋದವು. 'ಇದು ರಿಯಲಿಸಂ' ಎಂದು ಅವನ ವಾದ. ಮಿಲ್ಲಿನ ಹುಡುಗ ಬಿಡಲಿಲ್ಲ. 'ಎಂಥ ರಿಯಲಿಸಂ ಮಾರಾಯ? ಅದರಲ್ಲಿ ಪೊಲೀಸನೂ ಭಾಷಣ ಮಾಡ್ತಾನೆ, ಕಳ್ಳನೂ ಭಾಷಣ ಮಾಡ್ತಾನೆ, ಮನೆ ಅಡುಗೆ ಮಾಡೋ ಮುದುಕನೂ ಉಪದೇಶ ಕೊಡ್ತಾನೆ. ಯಾರಾದ್ರೂ ಹಂಗೆ ಮಾತಾಡ್ತಾರಾ? ಅದನ್ನ ಒಪ್ಕೊಂಡು ನಮ್ಮ ಕೆ.ಜಿ.ಎಫ್. ರಾಕಿ ಡೈಲಾಗ್ ಹೊಡೆದ್ರೆ ಮಾತ್ರ ನಗ್ತೀಯಲ್ಲ!' ಎಂದ. ನಂತರ ನನ್ನ ಕಡೆ ತಿರುಗಿ, 'ನೀವೇ ಹೇಳಿ ಸಾರ್, ಕತೆ ಬರೆಯೋರು ನೀವು' ಎಂದ.

ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಮಿಲ್ಲಿನ ಹುಡುಗ ಹೇಳಿದ್ದರಲ್ಲಿ ನ್ಯಾಯವಿದೆ. 2018ರ ಕೆ.ಜಿ.ಎಫ್. ಮೊದಲ ಭಾಗ, 2022ರ ಎರಡನೆಯ ಭಾಗ, ಅದರ ಕೊನೆಯಲ್ಲಿ ಸೂಚನೆ ಕೊಟ್ಟಿರುವ ಮೂರನೆಯದು, ಇವೆಲ್ಲ ಬೆನ್ನಿಗೆ ಬಟ್ಟೆ ಕಟ್ಟಿಕೊಳ್ಳದ ಸೂಪರ್ ಹೀರೋನ ಕತೆಗಳೇ. ಬ್ಯಾಟ್‌ಮನ್ ಚಿತ್ರದ ಜೋಕರ್ ಮನುಷ್ಯಸ್ವಭಾವದ ಬಗ್ಗೆ ಪ್ರವಚನ ಕೊಟ್ಟರೆ ತತ್ವಜ್ಞಾನ, ರಾಕಿ ಗುಡುಗಿದರೆ ಅತಿರೇಕ ಎನ್ನುವುದು ಗುಲಾಮ ಬುದ್ಧಿ. ಎತ್ತರಿಸಿದ ಮಾತು ನಮಗೆ ಹೊಸದೂ ಅಲ್ಲ. ಯಕ್ಷಗಾನದ ಅರ್ಥಧಾರಿ ಆಡುವ ಮಾತನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ. ನಮ್ಮ ಪಕ್ಕದ ತಾಲ್ಲೂಕಿನ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತಿದ್ದ ಹುಣಸೂರು ಕೃಷ್ಣಮೂರ್ತಿಯವರು 1977ರಲ್ಲಿ 'ಬಬ್ರುವಾಹನ' ನಿರ್ದೇಶಿಸಿದರು. ಅದರಲ್ಲಿ ರಾಜ್‌ಕುಮಾರ್ ಅರ್ಜುನನೂ ಹೌದು, ಬಬ್ರುವಾಹನನೂ ಹೌದು. ಅಪ್ಪ ಮಗ ಮಾತಿನಲ್ಲೇ ಯುದ್ಧ ಮಾಡುವಾಗ 'ಹೀಗೆ ಯಾರು ಮಾತಾಡುತ್ತಾರೆ?' ಎಂದು ಎದ್ದುಹೋದವರುಂಟೇ? ದೊಡ್ಡ ಸಂಕಟಕ್ಕೆ ದೊಡ್ಡ ಮಾತು ಒಪ್ಪುತ್ತದೆ.

ಆದ್ದರಿಂದ ನಾಯಕ ಹಾರಲಿ, ಗುಡುಗಲಿ, ನನ್ನ ತಕರಾರಿಲ್ಲ. ಆದರೆ ಇಬ್ಬರು ಹುಡುಗರೂ ಕೇಳದ ಪ್ರಶ್ನೆಯೊಂದಿದೆ. ನಾಯಕ, ಖಳನಾಯಕರ ಮಾತನ್ನು ತಿಂಗಳುಗಟ್ಟಲೆ ಕೂತು ಕೆತ್ತುವವರು ಉಳಿದವರ ಬಾಯಿಗೆ ಏನು ಕೊಡುತ್ತಾರೆ? ನಿಜವಾದ ಕೋಲಾರದ ಗಣಿಗಳಲ್ಲಿ ಸುಮಾರು ನೂರಿಪ್ಪತ್ತು ವರ್ಷ, 2001ರಲ್ಲಿ ಬಾಗಿಲು ಹಾಕುವ ತನಕ, ನೆಲದೊಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಆ ಊರಿನ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಕೇಳುತ್ತಿತ್ತು. ಸಿನಿಮಾದ ಗಣಿಯಲ್ಲಿ ಆ ಜನರಿಗೆ ಸಿಕ್ಕಿದ್ದು ಬಹುಪಾಲು ನಾಯಕನನ್ನು ಹೊಗಳುವ ಮಾತು. ಸಂಭಾಷಣೆಯ ವಾಸ್ತವತೆಯನ್ನು ಅಳೆಯಬೇಕಾದ ಜಾಗ ಇದು, ನಾಯಕನ ಬಾಯಿಯಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಕನ್ನಡ ಸಿನಿಮಾದಲ್ಲಿ, ಅದಕ್ಕೂ ಮೊದಲು ನಾಟಕದಲ್ಲಿ, ಈಗ ಧಾರಾವಾಹಿಯಲ್ಲಿ ಸಾಬಿಯೊಬ್ಬ ಬಂದರೆ ಅವನ ಬಾಯಿಂದ ಬರುವ ಕನ್ನಡ ನಿಮಗೆಲ್ಲ ಗೊತ್ತು. 'ನಮ್ದುಕೆ ಗೊತ್ತಿಲ್ಲ', 'ನಿಮ್ದುಕೆ ಏನು ಬೇಕು', 'ಅವಳು ಬರ್ತದೆ'. ಅಜ್ಜನ ಕಾಲದಿಂದ ಇದೇ ಮಾತು. ಇನ್ನೊಂದು ಬಗೆಯ ಮುಸಲ್ಮಾನನೂ ಇದ್ದಾನೆ. ಅವನು ದುಬೈಯಲ್ಲೋ ಗಡಿಯಾಚೆಯೋ ಕೂತು ಗಟ್ಟಿ ಉರ್ದುವಿನಲ್ಲಿ ಬೆದರಿಸುತ್ತಾನೆ. ಒಬ್ಬ ನಗಿಸಬೇಕು, ಇನ್ನೊಬ್ಬ ಹೆದರಿಸಬೇಕು. ನೆಟ್ಟಗೆ ಕನ್ನಡ ಮಾತಾಡಿ ಮನೆಗೆ ಹೋಗುವ ಮೂರನೆಯ ಮುಸಲ್ಮಾನ ತೆರೆಯ ಮೇಲೆ ಎಷ್ಟು ಸಲ ಕಂಡಿದ್ದಾನೆ, ಲೆಕ್ಕ ಹಾಕಿ ನೋಡಿ.

'ನಮ್ದುಕೆ' ಪೂರಾ ಹುಸಿ ಎಂದು ನಾನು ಹೇಳುತ್ತಿಲ್ಲ. ದಖನಿಯಲ್ಲಿ 'ಹಮಾರೆಕು', 'ತುಮಾರೆಕು' ಎನ್ನುತ್ತೇವೆ. 'ನಮ್ಮ' ಎಂಬುದಕ್ಕೆ 'ಕು' ಸೇರಿಸಿದರೆ 'ನಮಗೆ' ಆಯಿತು. ಅದೇ ರೂಢಿಯಲ್ಲಿ ಕನ್ನಡ ಕಲಿಯಲು ಹೊರಟವರು 'ನಮ್ದು'ವಿಗೆ 'ಕೆ' ಅಂಟಿಸಿರಬಹುದು. ಉರ್ದುವಿನಲ್ಲಿ ಗಂಡು ಹೆಣ್ಣು ಎರಡೇ ಲಿಂಗ, ನಪುಂಸಕಲಿಂಗ ಇಲ್ಲ. ಹೀಗಾಗಿ ಕನ್ನಡದ 'ಅದು' ಎಲ್ಲಿ ಬರಬೇಕೆಂದು ಹೊಸದಾಗಿ ಕಲಿಯುವವರಿಗೆ ಗೊಂದಲವಾಗುತ್ತದೆ. ನನ್ನ ದಾದಿಯ ಕನ್ನಡ ಸ್ವಲ್ಪ ಹಾಗೇ ಇತ್ತು. ನಲವತ್ತು ದಾಟಿದ ಮೇಲೆ ಸೊಪ್ಪು ಮಾರಲು ಬರುತ್ತಿದ್ದ ಹೆಂಗಸರಿಂದ ಆಕೆ ಕನ್ನಡ ಕಲಿತದ್ದು. ಆದರೆ ಆಕೆಯ ಮಗ, ನನ್ನ ತಂದೆ, ಭತ್ತದ ವ್ಯಾಪಾರದಲ್ಲಿ ಚುಂಚನಕಟ್ಟೆಯಿಂದ ಸಾಲಿಗ್ರಾಮದ ತನಕ ಹಳ್ಳಿ ಹಳ್ಳಿ ತಿರುಗಿದವರು. ಅವರ ಕನ್ನಡಕ್ಕೂ ಗೌಡರ ಕನ್ನಡಕ್ಕೂ ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಸಿನಿಮಾದವರು ದಾದಿಯ ಹತ್ತಿರವೇ ನಿಂತುಬಿಟ್ಟರು. ಮಗ, ಮೊಮ್ಮಗ, ಮರಿಮೊಮ್ಮಗಳು ಯಾರ ಮಾತೂ ಅವರ ಕಿವಿಗೆ ಬೀಳಲಿಲ್ಲ.

ಇನ್ನೊಂದು ಸಂಗತಿ. ನಮ್ಮಿಂದ ಕನ್ನಡ ಕೆಟ್ಟಿತೆಂದು ನಗುವವರಿಗೆ ಕನ್ನಡದಿಂದ ನಮ್ಮ ಉರ್ದು ಎಷ್ಟು ಬದಲಾಗಿದೆ ಎಂಬುದು ಗೊತ್ತೇ? ಉತ್ತರದ ಉರ್ದುವಿನಲ್ಲಿ 'ಅವನು ಹೇಳಿದ' ಎಂಬುದು ಮೊದಲು, ಹೇಳಿದ್ದೇನು ಎಂಬುದು ಆಮೇಲೆ. ನಮ್ಮ ದಖನಿಯಲ್ಲಿ 'ಆತೂಂ ಬೋಲ್ಕೆ ಬೋಲ್ಯಾ' ಎನ್ನುತ್ತೇವೆ. 'ಬರ್ತೀನಿ ಅಂತ ಅಂದ' ಎಂಬ ಕನ್ನಡದ ವಾಕ್ಯವೇ ಅದು, ಪದಗಳು ಮಾತ್ರ ಉರ್ದುವಿನವು. ನೂರಾರು ವರ್ಷ ಒಂದೇ ಸಂತೆಯಲ್ಲಿ ಕೊಟ್ಟು ತೆಗೆದುಕೊಂಡವರ ನುಡಿ ಹೀಗಿರುತ್ತದೆ. ಸಂಭಾಷಣೆ ಬರೆಯುವವನಿಗೆ ಇದೊಂದು ಗಣಿ. ಅವನು ಅಲ್ಲಿಂದ ಹೆಕ್ಕಿಕೊಂಡದ್ದು 'ನಮ್ದುಕೆ' ಒಂದೇ.

ಕೆಲವು ವರ್ಷಗಳ ಹಿಂದೆ ಧಾರಾವಾಹಿಯೊಂದರ ತಂಡದವರು ನನ್ನನ್ನು ಸಂಪರ್ಕಿಸಿದ್ದರು. ರಾತ್ರಿ ಹೊತ್ತು ದಾರಿ ತಪ್ಪಿದ ನಾಯಕಿಗೆ ಅತ್ತರು ಮಾರುವ ಮುದುಕನೊಬ್ಬ ಆಸರೆ ಕೊಡುವ ದೃಶ್ಯ. 'ನಿಮ್ಮ ಜನರ ಮಾತು ನಿಮಗೇ ಗೊತ್ತಲ್ಲ, ಬರೆದುಕೊಡಿ' ಎಂದರು. ಖುಷಿಯಿಂದ ಬರೆದೆ. 'ಹೆದರ್ಕೋಬೇಡ ಕಣವ್ವ. ಬೆಳಕು ಹರಿಯೋ ತನಕ ನಮ್ಮನೇಲೇ ಇರು. ಒಳಗೆ ಹೆಂಗಸರವ್ರೆ' ಎಂಬುದು ಮುದುಕನ ಮೊದಲ ಮಾತು. ಎರಡು ದಿನಕ್ಕೆ ಫೋನು ಬಂತು. 'ಚೆನ್ನಾಗಿದೆ ಸಾರ್, ಆದರೆ ಸಾಬರ ಮಾತಿನ ಹಾಗೆ ಇಲ್ಲ. ಜನಕ್ಕೆ ಗೊತ್ತಾಗಬೇಕಲ್ಲ?' ತಲೆಯ ಮೇಲೆ ಟೋಪಿ, ಮುಖದ ಮೇಲೆ ಗಡ್ಡ, ಕೈಯಲ್ಲಿ ಅತ್ತರಿನ ಪೆಟ್ಟಿಗೆ, ಹೆಸರು ರಹೀಮ. ಇಷ್ಟಿದ್ದೂ ಜನಕ್ಕೆ ಗೊತ್ತಾಗುವುದಿಲ್ಲವಂತೆ! ಕೊನೆಗೆ ತೆರೆಯ ಮೇಲೆ ಬಂದದ್ದು, 'ಅರೇ ಬೇಟಿ, ನಿಮ್ದುಕೆ ಯಾಕೆ ಹೆದರ್ತದೆ? ನಮ್ದು ಮನೆ ನಿಮ್ದು ಮನೆ ಅಲ್ವಾ!'

ಮುದುಕ ಒಳ್ಳೆಯವನೇ. ಅವನನ್ನು ಕೆಟ್ಟವನಾಗಿ ತೋರಿಸಲಿಲ್ಲ, ನಿಜ. ಆದರೆ ಒಳ್ಳೆಯತನ ತೋರಿಸಬೇಕಾದರೂ ಮೊದಲು ತೊದಲಬೇಕು ಎಂಬ ಷರತ್ತು ಯಾಕೆ? ನಾನು ಬರೆದ ಮಾತಿನಲ್ಲಿ ಆ ಮುದುಕ ಈ ಊರಿನವನು. ಅವರು ತಿದ್ದಿದ ಮಾತಿನಲ್ಲಿ ಅವನು ಎಲ್ಲಿಂದಲೋ ಬಂದು ಇಲ್ಲಿ ಬಿಡಾರ ಹೂಡಿದವನು.

'ಸಿನಿಮಾ ತಾನೇ, ಮನರಂಜನೆಗೆ ಯಾಕಿಷ್ಟು ತಲೆಕೆಡಿಸಿಕೊಳ್ಳುತ್ತೀರಿ?' ಎಂಬ ಮಾತು ಬಂದೇ ಬರುತ್ತದೆ. ಹಾಗೆನ್ನುವವರು ಮೊದಲು ಎಸ್.ಕೆ. ಕರೀಂಖಾನರನ್ನು ನೆನೆಯಲಿ. ಸಕಲೇಶಪುರದ ಕಡೆಯ ಈ ಪಠಾಣ ಜಾನಪದ ಹುಡುಕುತ್ತ ನಾಡೆಲ್ಲ ತಿರುಗಿದವರು. 1962ರ 'ಸ್ವರ್ಣಗೌರಿ'ಗೆ ಹಾಡು ಬರೆದವರು. ಪೌರಾಣಿಕ ಚಿತ್ರದ ಶಿವಭಕ್ತರ ಬಾಯಿಗೆ ಪದ ಕೊಟ್ಟವರು ಮುಸಲ್ಮಾನರು. ಆ ಉದ್ಯಮ ಮುಸಲ್ಮಾನ ಪಾತ್ರದ ಬಾಯಿಗೆ ಕೊಟ್ಟದ್ದು 'ನಮ್ದುಕೆ'. 2006ರಲ್ಲಿ ಅವರು ತೀರಿಕೊಂಡಾಗ ಕನ್ನಡದ ಹಿರಿಯ ಚೇತನ ಎಂದೆವು. ಆ ಚೇತನದಂಥ ಒಂದು ಪಾತ್ರ ಎಲ್ಲಿದೆ?

ಬೇರೆ ರೀತಿ ಮಾಡಲು ಸಾಧ್ಯವಿಲ್ಲವೆಂದೇನಲ್ಲ. ಬೊಳುವಾರು ಮಹಮದ್ ಕುಂಞಿಯವರ ಕತೆಯಿಂದ 2000ದಲ್ಲಿ ಪಿ. ಶೇಷಾದ್ರಿಯವರ 'ಮುನ್ನುಡಿ' ಬಂತು. ಬಾನು ಮುಷ್ತಾಕರ ಕತೆಯಿಂದ 2004ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಬಂತು. 2025ರಲ್ಲಿ ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾಡೇ ಸಂಭ್ರಮಿಸಿತು. ದೀಪಾ ಭಾಸ್ತಿಯವರು ಆ ಕತೆಗಳ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ ಹಾಗೆಯೇ ಉಳಿಸಿಕೊಂಡರು. ದೂರದೇಶದ ಓದುಗ ನಮ್ಮ ಮಾತನ್ನು ನೆಟ್ಟಗೆ ಕೇಳಿಸಿಕೊಳ್ಳಬಲ್ಲನಾದರೆ, ಗಾಂಧಿನಗರಕ್ಕೆ ಯಾಕೆ ಕೇಳಿಸುವುದಿಲ್ಲ?

ಇಂಜಿನಿಯರಿಂಗ್ ಹುಡುಗನಿಗೂ ಒಂದು ಮಾತು. ಅವನ ಮೆಚ್ಚಿನ ಹಾಲಿವುಡ್ ಕೂಡ ಈ ಪಾಪದಿಂದ ಮುಕ್ತವಲ್ಲ. ಬ್ಯಾಟ್‌ಮನ್‌ನ ಶತ್ರು ಒಬ್ಬನ ಹೆಸರು ರಾಸ್ ಅಲ್ ಗೂಲ್, ಅರಬಿಯಲ್ಲಿ 'ದೆವ್ವದ ತಲೆ'. ದೆವ್ವಕ್ಕೆ ಹೆಸರು ಬೇಕಾದಾಗ ಅರಬಿ ನೆನಪಾಗುತ್ತದೆ. ಮೂರನೆಯ ಚಿತ್ರದ ಬೇನ್ ಎಂಬ ಖಳನ ದನಿಯ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಬಾಯಿಗೆ ಕವಚ ಹಾಕಿಕೊಂಡ ಅವನ ಮಾತು ಅರ್ಥವಾಗುತ್ತಿಲ್ಲವೆಂದು ಚಿತ್ರ ಬರುವ ಮೊದಲೇ ಜನ ದೂರಿದ್ದರು. ಆ ದನಿಗೆ ಬಾರ್ಟ್ಲಿ ಗೋರ್ಮನ್ ಎಂಬ ಅಲೆಮಾರಿ ಸಮುದಾಯದ ಬರಿಗೈ ಬಾಕ್ಸರನೇ ಮಾದರಿ ಎಂದು ನಟ ಟಾಮ್ ಹಾರ್ಡಿ ಹೇಳಿದ್ದಾನೆ. ಅಲ್ಲಿಯೂ ಊರ ಹೊರಗಿನವರ ದನಿಯೇ ಖಳನಿಗೆ ಸಿಕ್ಕಿತು. ಆದರೆ ಒಂದು ವ್ಯತ್ಯಾಸವಿದೆ. ಆ ನಟ ಒಬ್ಬ ನಿಜವಾದ ಮನುಷ್ಯನ ಮಾತನ್ನು ಕಿವಿಗೊಟ್ಟು ಕೇಳಿದ್ದ, ಯಾರಿಂದ ಪಡೆದೆ ಎಂದು ಹೆಸರನ್ನೂ ಹೇಳಿದ. ನಮ್ಮ ಹಾಸ್ಯನಟ ಕೇಳಿಸಿಕೊಂಡದ್ದು ಹಿಂದಿನ ಹಾಸ್ಯನಟನನ್ನು.

ಇಷ್ಟೆಲ್ಲ ಹೇಳುವ ನಾನು ಸಾಚಾ ಎಂದುಕೊಳ್ಳಬೇಡಿ. ಈ ಲೇಖನ ಬರೆಯುವ ಮುಂಚೆ ನನ್ನ ಹಳೆಯ ಕತೆಯೊಂದನ್ನು ತೆಗೆದು ನೋಡಿದೆ. ಅದರಲ್ಲಿ ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬ ಮುದುಕನೊಬ್ಬ ಬರುತ್ತಾನೆ. ಅವನ ಬಾಯಿಗೆ ನಾನು ಕೊಟ್ಟ ಮಾತು ಯಾವ ಹಾಡಿಯದ್ದೂ ಅಲ್ಲ, ನಾನು ಮೈಸೂರಿನ ಟಾಕೀಸಿನಲ್ಲಿ ಕೇಳಿದ್ದು. ನನಗೆ ನಾಚಿಕೆಯಾಯಿತು. ನಮ್ಮ ಮನೆಗಳಲ್ಲೂ ಇದೇ ಕತೆ. ಉರ್ದು ಶಾಲೆಯಲ್ಲಿ ನಾವು 'ನಕ್ಕೋ' ಎಂದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಲಕ್ನೋದ ಉರ್ದು ಮಾತ್ರ ಭಾಷೆ, ನಮ್ಮ ಅಮ್ಮಂದಿರು ಆಡುವುದು ಗಲತ್ ಎಂದು ಕಲಿಸಿದರು. ಸ್ವಂತ ಮಾತಿಗೆ ನಾವೇ ನಾಚಿದ್ದೆವು. ಅದಕ್ಕೇ ಇನ್ನೊಬ್ಬರು ನಕ್ಕಾಗ ಎದುರಾಡಲು ಬಾಯಿ ಬರಲಿಲ್ಲ.

ಇದರ ಬೆಲೆಯನ್ನು ಕೊಡುವವರು ಯಾರು ಎಂಬುದನ್ನು ಅಂದಿನ ಚಹಾ ಅಂಗಡಿಯಲ್ಲೇ ಕಂಡೆ. ವಾದ ಬಿಸಿಯೇರಿದಾಗ ಮಿಲ್ಲಿನ ಹುಡುಗ ಮೊಬೈಲ್ ಅಂಗಡಿಯವನ ಬೆನ್ನು ತಟ್ಟಿ, 'ನೀನು ಒಂದು ಡೈಲಾಗ್ ಹೊಡಿಯೋ' ಎಂದ. ಆ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ತೊಂಬತ್ತರ ಮೇಲೆ ಅಂಕ ಪಡೆದವನು. ಗಿರಾಕಿಗಳ ಜೊತೆ 'ಬನ್ನಿ ಅಣ್ಣ, ಡಿಸ್‌ಪ್ಲೇ ಹೋಗಿದೆ, ಸಂಜೆ ಕೊಡ್ತೀನಿ' ಎಂದು ಈ ಊರಿನ ಎಲ್ಲರ ಹಾಗೆ ಮಾತಾಡುವವನು. ಅವನು ಎದ್ದು ನಿಂತು ಕತ್ತು ವಾರೆ ಮಾಡಿ, 'ಅರೇ ಭಾಯ್, ನಮ್ದುಕೆ ಬ್ಯಾಟ್‌ಮನ್ ಬೇಡ, ನಿಮ್ದುಕೆ ಬೇಕಾ?' ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಗೆಳೆಯರ ನಡುವಿನ ತಮಾಷೆ, ಯಾರ ಮನಸ್ಸಿನಲ್ಲೂ ವಿಷವಿರಲಿಲ್ಲ. ಆದರೆ ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಆಡದ ಮಾತನ್ನು ಅವನು ತನ್ನದೆಂದು ಆಡಿ ತೋರಿಸಿದ್ದ. ಅದನ್ನು ಅವನಿಗೆ ಕಲಿಸಿದ್ದು ಸಿನಿಮಾ.

ಹೀಗಾಗಿ, ಹುಡುಗರೇ, ನನ್ನ ತೀರ್ಪು ಇದು. ನಿಮ್ಮ ನಾಯಕ ಕಟ್ಟಡದಿಂದ ಕಟ್ಟಡಕ್ಕೆ ಹಾರಲಿ, ನಂಬುತ್ತೇನೆ. ಒಬ್ಬನೇ ನೂರು ಜನರನ್ನು ಹೊಡೆಯಲಿ, ಅದನ್ನೂ ನಂಬುತ್ತೇನೆ. ಅವನು ಕೆಳಗಿಳಿದು ಮೊಬೈಲ್ ರಿಪೇರಿಗೆ ಕೊಡಲು ಬಂದಾಗ ಅಂಗಡಿಯ ಹುಡುಗ 'ನಮ್ದುಕೆ' ಎಂದರೆ, ಆಗ ನಾನು ಟಾಕೀಸಿನಿಂದ ಎದ್ದು ಬರುತ್ತೇನೆ. ನೀವಿಬ್ಬರೂ ನನ್ನ ಜೊತೆ ಎದ್ದು ಬರುತ್ತೀರಾ?